ರಾಮ ಟ್ರಂಕಿನಲ್ಲೇ ಉಳಿದ ದಸರಾ

ಹೋದ ವರ್ಷ ನಾನು ಮೂರು ವಿಡಿಯೋ ಗೇಮ್ ಮುಗಿಸಿದೆ. ಮೂರೇನಾ ಅಂತ ಮೂಗು ಮುರಿಯಬೇಡಿ. ಚಾಮರಾಜಪೇಟೆಯ ನಮ್ಮ ರಸ್ತೆಯಲ್ಲಿ, ಒಲೆಯ ಮೇಲೆ ಹುಳಿ ಕುದಿಯಲು ಬಿಟ್ಟು, ಒಂದು ಆಟದ ಕೊಟ್ಟಕೊನೆ ಕಂಡ ಗೃಹಿಣಿ ನಾನೊಬ್ಬಳೇ ಎಂದು ಎದೆ ತಟ್ಟಿ ಹೇಳಬಲ್ಲೆ. ಬೇರೆ ಗೃಹಿಣಿಯರನ್ನು ನಾನು ವಿಚಾರಿಸಿಲ್ಲ ಎನ್ನುವುದು ಬೇರೆ ಮಾತು.

ಆ ಗೇಮಿನ ಯಂತ್ರ ನಮ್ಮ ಮನೆಗೆ ಬಂದದ್ದು ನನಗಾಗಿ ಅಲ್ಲ. ನಮ್ಮ ಯಜಮಾನರು ಮುನಿರಾಜು ಅವರದು ಮಾರ್ಕೆಟ್ಟಿನಲ್ಲಿ ತರಕಾರಿ ವ್ಯಾಪಾರ. ಮಧ್ಯಾಹ್ನ ಮನೆಗೆ ಬಂದವರು ಸೋಫಾ ಮೇಲೆ ಕೂತು ಫ್ಯಾನು ನೋಡುತ್ತಿರುತ್ತಾರೆ, ಪಾಪ ಅಪ್ಪನಿಗೆ ಒಂದು ಹವ್ಯಾಸ ಇರಲಿ ಎಂದು ಕುಮಾರ ಪಾರ್ಕಿಗೆ ಕೊಟ್ಟ ಮಗಳು ತಂದುಕೊಟ್ಟದ್ದು. ಯಜಮಾನರು ಕಾರ್ ರೇಸಿನ ಆಟ ಹಾಕಿಸಿಕೊಂಡರು. ಮೊದಲ ತಿರುವಿನಲ್ಲಿ ಗೋಡೆಗೆ ಗುದ್ದಿದರು, ಎರಡನೆಯ ತಿರುವಿನಲ್ಲಿ ಕೆರೆಗೆ ಬಿದ್ದರು. ಈ ರೋಡು ನಮ್ಮ ಮಾರ್ಕೆಟ್ ರೋಡಿಗಿಂತ ಕೆಟ್ಟದಾಗಿದೆ ಎಂದು ತೀರ್ಪು ಕೊಟ್ಟು, ಮತ್ತೆ ಫ್ಯಾನು ನೋಡಲು ಹೋದರು. ಅವತ್ತಿನಿಂದ ಅದರ ಹೆಸರು ಅವರ ಬಾಯಲ್ಲಿ 'ಆ ಡಬ್ಬ'. ಡಬ್ಬ ದೂಳು ತಿನ್ನಬಾರದಲ್ಲ ಎಂದು ಒಂದು ದಿನ ಒರೆಸಲು ಹೋದೆ. ಒರೆಸುವಾಗ ಯಾವುದೋ ಗುಂಡಿ ಒತ್ತಿಹೋಯಿತು. ಅಲ್ಲಿಗೆ ನನ್ನ ಕಥೆ ಮುಗಿಯಿತು!

ಮುಗಿಸಿದ ಮೂರರಲ್ಲಿ ನನ್ನ ಅಚ್ಚುಮೆಚ್ಚಿನದು ತೋಟದ ಆಟ. ಪಾಳುಬಿದ್ದ ಜಮೀನು ಕೊಡುತ್ತಾರೆ. ಅಗೆದು, ಬಿತ್ತಿ, ನೀರು ಹಾಕಿ, ಬೆಳೆದದ್ದನ್ನು ಅಂಗಡಿಗೆ ಮಾರಿ, ಊರಿನ ಜನರ ಪ್ರೀತಿ ಗಳಿಸಬೇಕು. ಎರಡನೆಯದು ಅಂಚೆ ಹಂಚುವ ಹಕ್ಕಿಯ ಆಟ, ಬೆಟ್ಟದಿಂದ ಬೆಟ್ಟಕ್ಕೆ ತೇಲಿಕೊಂಡು ಹೋಗುವುದು, ಮನಸ್ಸಿಗೆ ತಂಪು. ಮೂರನೆಯದರಲ್ಲಿ ಒಂದು ಹಳೇ ಹೋಟೆಲಿನ ಮದುವೆಯಲ್ಲಿ ಕೊಲೆಯಾಗುತ್ತದೆ, ಕೊಲೆಗಾರನನ್ನು ನಾವು ಹುಡುಕಬೇಕು. ನಾನು ಮೊದಲು ಮದುಮಗನನ್ನು ಹಿಡಿದೆ, ಆಮೇಲೆ ಅಡುಗೆಯವನನ್ನು ಹಿಡಿದೆ, ಕೊನೆಗೆ ಇನ್ಯಾರೂ ಉಳಿಯದೆ ವಾದ್ಯದವನನ್ನು ಹಿಡಿದೆ. ಅವನೇ ಕೊಲೆಗಾರ! ನನ್ನ ಬುದ್ಧಿಗೆ ನಾನೇ ಬೆರಗಾದೆ.

ನಾಲ್ಕನೆಯ ಆಟ ನಡೆಯುತ್ತಿತ್ತು. ಕತ್ತಿ ಹಿಡಿದ ಹುಡುಗನೊಬ್ಬ ಊರೂರು ದಾಟಿ, ಕೋಟೆಯ ಬಾಗಿಲಲ್ಲಿ ನಿಂತ ಹತ್ತು ತಲೆಯ ರಾಕ್ಷಸನನ್ನು ಕೊಲ್ಲಬೇಕು. ಒಂದೊಂದಾಗಿ ಹತ್ತೂ ತಲೆ ಕತ್ತರಿಸಬೇಕು, ನಡುವೆ ಆಟ ನಿಲ್ಲಿಸುವ ಹಾಗಿಲ್ಲ, ನಾವು ಸತ್ತರೆ ಅವನಿಗೆ ಹತ್ತೂ ತಲೆ ಮತ್ತೆ ಬರುತ್ತವೆ. ದಾರಿಯಲ್ಲಿ ಸಿಕ್ಕ ಹಿರಿಯರಿಗೆ ಕೈಮುಗಿಯಲೆಂದೇ ಆ ಆಟದಲ್ಲಿ ಒಂದು ಗುಂಡಿ ಇದೆ. ಎಷ್ಟು ಸಂಸ್ಕಾರವಂತ ಹುಡುಗ ಎಂದು ನನಗೆ ಹಿಡಿಸಿದ್ದೇ ಅದು. ಆ ಗುಂಡಿಯ ವಿಷಯ ನೆನಪಿಟ್ಟುಕೊಳ್ಳಿ. ನಾನು ಸಾಯುವವರೆಗೂ ಮರೆಯುವುದಿಲ್ಲ.

ಅಷ್ಟರಲ್ಲಿ ದಸರಾ ಬಂತು. ನಮ್ಮಲ್ಲಿ ಗೊಂಬೆ ಕೂರಿಸುವ ಪದ್ಧತಿ ಉಂಟು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ರಾಜ-ರಾಣಿ, ಕೆಳಗಿನ ಮೆಟ್ಟಿಲುಗಳಲ್ಲಿ ನಮ್ಮ ನಮ್ಮ ಕಲ್ಪನೆ. ನನ್ನ ತವರಿನವರು ಮದುವೆಯಲ್ಲಿ ಕೊಟ್ಟ ಜೋಡಿಯಲ್ಲಿ ರಾಣಿಯ ಮೂಗನ್ನು ಇಲಿ ತಿಂದು ಎಷ್ಟೋ ವರ್ಷವಾಗಿತ್ತು. ಆದರೆ ನಮ್ಮ ಅತ್ತೆ ಮುನಿಯಮ್ಮನವರ ಹತ್ತಿರ ಒಂದು ಜೋಡಿ ಇದೆ, ನೋಡಬೇಕು ನೀವು! ಅವರ ಅತ್ತೆಯ ಅತ್ತೆಯಿಂದ ಬಂದ ರಕ್ತಚಂದನದ ರಾಜ-ರಾಣಿ. ರಾಣಿಯ ಮುಖದಲ್ಲಿ ಒಂದು ಸಣ್ಣ ನಗು, ಎಲ್ಲ ಗೊತ್ತಿದ್ದೂ ಸುಮ್ಮನಿದ್ದೇನೆ ಎನ್ನುವ ಹಾಗೆ. ಅತ್ತೆ ಇರುವುದು ತ್ಯಾಗರಾಜನಗರದಲ್ಲಿ, ನನ್ನ ಮೈದುನನ ಮನೆಯಲ್ಲಿ. ಮೈದುನನ ಹೆಂಡತಿ ಶಾರದಾ ಪ್ರತಿ ವರ್ಷ ಅವನ್ನು ಕೂರಿಸಿ, ಫೋಟೋ ತೆಗೆದು ನನಗೆ ಕಳಿಸುತ್ತಾಳೆ. ಪ್ರತಿ ವರ್ಷ ನನ್ನ ಹೊಟ್ಟೆ ಉರಿಯುತ್ತದೆ.

ಈ ಸಲ ಅತ್ತೆ ತಾವಾಗಿಯೇ ಫೋನು ಮಾಡಿದರು. "ರತ್ನಾ, ಈ ಸಲ ರಾಜ-ರಾಣಿ ನಿನ್ ಮನೇಲಿ ಕೂರ್ಲಿ. ಹಿರೀ ಸೊಸೆ ನೀನು. ಚೆನ್ನಾಗಿ ಕೂರಿಸಿದ್ರೆ ಅಲ್ಲೇ ಇರ್ಲಿ, ನನ್ ಕಾಲ ಆದ್ಮೇಲೂ ಅಲ್ಲೇ. ಇಲ್ಲಾಂದ್ರೆ ವಿಜಯದಶಮಿಗೆ ವಾಪಸ್ ತರ್ತೀನಿ."

ನಾನು ಫೋನು ಇಟ್ಟು ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದೆ. ಆ ರಾಣಿ ನನ್ನವಳಾಗಬೇಕು! ಶಾರದಾ ಕೂರಿಸುವಂಥ ಮದುವೆ ದಿಬ್ಬಣ, ಮೈಸೂರಿನ ಮೆರವಣಿಗೆ ಎಲ್ಲ ಎಲ್ಲರ ಮನೆಯಲ್ಲೂ ಇರುತ್ತದೆ. ಇಡೀ ಬೆಂಗಳೂರಿನಲ್ಲಿ ಯಾರೂ ಕೂರಿಸದೇ ಇದ್ದದ್ದನ್ನು ನಾನು ಕೂರಿಸಬೇಕು. ಹೀಗೆ ಹುಟ್ಟಿತು ನನ್ನ ಐತಿಹಾಸಿಕ ಕಲ್ಪನೆ: 'ಈ ವರ್ಷ ರತ್ನಮ್ಮ ಮುಗಿಸಿದ ಆಟಗಳು'.

ಐದು ಮೆಟ್ಟಿಲು ಕಟ್ಟಿದೆ. ಮೇಲೆ ರಾಜ-ರಾಣಿ, ಕಳಶ. ಕೆಳಗಿನ ನಾಲ್ಕಕ್ಕೆ ನಾಲ್ಕು ಆಟ. ಹೊಸ ಗೊಂಬೆ ಕೊಳ್ಳುವುದಕ್ಕೆ ಹೋಗಲಿಲ್ಲ, ಟ್ರಂಕಿನಲ್ಲಿ ಇದ್ದವರನ್ನೇ ಕೆಲಸಕ್ಕೆ ಹಚ್ಚಿದೆ. ತೋಟದ ಆಟಕ್ಕೆ ರಾಗಿ ಪೈರು ಮೊಳಕೆ ಬರಿಸಿ, ಪಕ್ಕದಲ್ಲಿ ಶೆಟ್ಟಿ-ಶೆಟ್ಟಮ್ಮನ ಗೊಂಬೆಗೆ ಅಂಗಡಿ ಹಾಕಿಸಿದೆ. ಅಂಚೆ ಹಕ್ಕಿಯ ಪಾತ್ರಕ್ಕೆ ಗರುಡನನ್ನು ತೆಗೆದುಕೊಂಡು, ಬೆಂಕಿಪೊಟ್ಟಣದ ಚೀಲ ಮಾಡಿ ಹೆಗಲಿಗೆ ಹಾಕಿದೆ. ವಿಷ್ಣುವಿನ ವಾಹನವನ್ನೇ ಪೋಸ್ಟಾಫೀಸಿಗೆ ಸೇರಿಸಿಬಿಟ್ಟೆಯಲ್ಲ ಎಂದು ಯಜಮಾನರು ನಕ್ಕರು. ಕೊಲೆಯ ಆಟಕ್ಕೆ ಮದುವೆ ಸೆಟ್ಟನ್ನು ಪೂರ್ತಿ ಜೋಡಿಸಿ, ನಾಗಸ್ವರದವನ ಕೊರಳಿಗೆ 'ಇವನೇ' ಎಂದು ಚೀಟಿ ಕಟ್ಟಿದೆ.

ನಾಲ್ಕನೆಯದಕ್ಕೆ ಹತ್ತು ತಲೆಯವನು ಯಾರು ಎಂದು ಯೋಚಿಸುವ ಕೆಲಸವೇ ಇರಲಿಲ್ಲ. ರಾಮಾಯಣದ ಸೆಟ್ಟಿನಿಂದ ರಾವಣನನ್ನು ಎತ್ತಿ ನಿಲ್ಲಿಸಿದೆ. ಒಳ್ಳೆ ಎತ್ತರದ, ಮೀಸೆ ತಿರುವಿದ ರಾವಣ. ಎದುರಿಗೆ ರಾಮನನ್ನು ಇಡಲು ಕೈಗೆ ತೆಗೆದುಕೊಂಡವಳು ಹಾಗೇ ನಿಂತೆ. ಆಟ ಇನ್ನೂ ಮುಗಿದಿಲ್ಲವಲ್ಲ? ರಾಕ್ಷಸನ ಹತ್ತು ತಲೆಯೂ ಹಾಗೇ ಇವೆಯಲ್ಲ? ಗೆಲ್ಲದೇ ಗೆದ್ದವನನ್ನು ನಿಲ್ಲಿಸಿದರೆ ಅದು ಮೋಸ. ರಾಮನನ್ನು ಮತ್ತೆ ಪಂಚೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟೆ. ನಾಳೆ ಸಂಜೆಯೊಳಗೆ ಗೆದ್ದು ತೆಗೆದರಾಯಿತು, ಒಂದು ರಾತ್ರಿ ತಾನೇ ಎಂದುಕೊಂಡೆ.

ಯಜಮಾನರು ತಲೆ ಕೆರೆದುಕೊಂಡರು. "ಇಟ್ಬಿಡೇ ರಾಮನ್ನೂ. ಯಾರ್ ಕೇಳ್ತಾರೆ?"

"ನನ್ ಮನಸ್ಸು ಕೇಳತ್ತೆ ರೀ," ಎಂದೆ. ಈಗ ನೆನೆದರೆ ಆ ಮನಸ್ಸಿಗೆ ನಾಲ್ಕು ಬಾರಿಸಬೇಕು ಅನ್ನಿಸುತ್ತದೆ.

ಮಾರನೆಯ ದಿನ ಸಂಜೆ ಗೊಂಬೆ ನೋಡಲು ಮೊದಲು ಬಂದವರು ಎದುರು ಮನೆಯ ಕಮಲಮ್ಮ. ಅರಿಶಿನ ಕುಂಕುಮ ತೆಗೆದುಕೊಂಡು, ಉಸಲಿ ಬಾಯಿಗೆ ಹಾಕಿಕೊಂಡು, ಮೆಟ್ಟಿಲುಗಳನ್ನು ಮೇಲಿಂದ ಕೆಳಗೆ ನೋಡಿದರು. ಅಗಿಯುವುದು ನಿಂತಿತು. ರಾಮ ಎಲ್ಲಿ ಎಂದು ಕೇಳಿದರು. ಟ್ರಂಕಿನಲ್ಲಿದ್ದಾನೆ, ಬರುತ್ತಾನೆ, ಸ್ವಲ್ಪ ತಡವಾಗುತ್ತದೆ ಎಂದೆ. ಕಮಲಮ್ಮ ಉಳಿದ ಉಸಲಿಯನ್ನು ಪೊಟ್ಟಣ ಕಟ್ಟಿಕೊಂಡು ಬೇಗ ಬೇಗ ಹೊರಟರು. ಅವರಿಗೆ ತುರ್ತಾಗಿ ಹೇಳಬೇಕಾದ ಮನೆಗಳು ಬಹಳ ಇದ್ದವು.

ಮರುದಿನದಿಂದ ನಮ್ಮ ಮನೆಗೆ ಜಾತ್ರೆ! ಬೇರೆ ವರ್ಷ ಕರೆದರೂ ಬಾರದವರು ಕರೆಯದೇ ಬಂದರು. ಎಲ್ಲರೂ ರಾಜ-ರಾಣಿಗೆ ಒಮ್ಮೆ ಕೈ ಮುಗಿದು, ನೇರ ರಾವಣನ ಮುಂದೆ ಹೋಗಿ ನಿಲ್ಲುವವರೇ. ಮಕ್ಕಳಂತೂ ಬಾಗಿಲಲ್ಲೇ ನಿಂತು, ಬಿದ್ದನಾ ಆಂಟಿ ಎಂದು ವಿಚಾರಿಸಿಕೊಂಡು ಹೋಗುತ್ತಿದ್ದವು. ನಾನು ಆಡುವುದಾದರೂ ಯಾವಾಗ? ಮಧ್ಯಾಹ್ನ ಉಸಲಿಗೆ ಕಾಳು ಬೇಯಿಸಬೇಕು, ಸಂಜೆ ತಾಂಬೂಲ ಕೊಡಬೇಕು. ಸಿಕ್ಕ ಹೊತ್ತಿನಲ್ಲಿ ಕೂತು ಏಳು ತಲೆ ಕತ್ತರಿಸುವಷ್ಟರಲ್ಲಿ ಕಾಲಿಂಗ್ ಬೆಲ್ಲು. ಬಂದ ಮುತ್ತೈದೆಯನ್ನು ಬಾಗಿಲಲ್ಲಿ ನಿಲ್ಲಿಸುವುದುಂಟೆ? ಒಂದು ಕೈಯಲ್ಲಿ ಕುಂಕುಮದ ಬಟ್ಟಲು, ಇನ್ನೊಂದು ಕೈಯಲ್ಲಿ ಆಟ ಆಡುವ ರಿಮೋಟು ಹಿಡಿದು ಎದ್ದೆ. ಬಂದವರಿಗೆ ಕುಂಕುಮ ಇಡುವಷ್ಟರಲ್ಲಿ ಆ ಕಡೆ ನನ್ನ ಹುಡುಗ ಸತ್ತುಬಿದ್ದಿದ್ದ. ಇನ್ನೊಂದು ದಿನ ಒಂಬತ್ತು ತಲೆಯವರೆಗೂ ಹೋದೆ. ಹಿಂದೆ ಕೂತ ಕಮಲಮ್ಮ, ಎಡಗಡೆ ಹೊಡೀರಿ ರತ್ನಮ್ಮ ಎಂದರು. ಕಾರಿನಲ್ಲಿ ಕೆರೆಗೆ ಬಿದ್ದ ಯಜಮಾನರು, ಬಲಗಡೆ ಹೊಡಿ ಎಂದರು. ನಾನು ಇಬ್ಬರ ಮಾತನ್ನೂ ಕೇಳಿ ಹೊಡೆಸಿಕೊಂಡೆ.

ಅಷ್ಟಮಿಯ ದಿನ ಶಾರದಾ ಫೋನು ಮಾಡಿದಳು. ದನಿಯಲ್ಲಿ ಸಕ್ಕರೆ ಸುರಿಯುತ್ತಿತ್ತು. "ಅಕ್ಕ, ನಿಮ್ಮನೇಲಿ ಈ ಸಲ ರಾವಣನಿಗೇ ಪೂಜೆಯಂತೆ? ಅತ್ತೆ ಕೇಳಿದಾಗಿಂದ ನೋಡ್ಲೇಬೇಕು ಅಂತ ಹಟ ಹಿಡಿದು ಕೂತಿದ್ದಾರೆ. ನಾಳೆ ಆಯುಧಪೂಜೆಗೆ ಇಬ್ರೂ ಬರ್ತೀವಿ."

ಫೋನು ಇಟ್ಟೆ. ಮೇಲೆ ನೋಡಿದರೆ ರಾಣಿ ಆ ಸಣ್ಣ ನಗು ನಗುತ್ತಿದ್ದಾಳೆ. ಇಲ್ಲ ಕಣಮ್ಮ, ನಿನ್ನನ್ನು ಬಿಟ್ಟುಕೊಡುವುದಿಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ನಾಳೆ ಬೆಳಿಗ್ಗೆ ಯಾರೂ ಬರುವುದಿಲ್ಲ, ಎಲ್ಲರೂ ಗಾಡಿ ತೊಳೆಯುತ್ತಿರುತ್ತಾರೆ. ಆಗ ಹತ್ತೂ ತಲೆ ಉರುಳಿಸಿ, ಸಂಜೆ ಅತ್ತೆ ಬರುವಷ್ಟರಲ್ಲಿ ರಾಮನನ್ನು ಗಂಭೀರವಾಗಿ ನಿಲ್ಲಿಸುವುದು. ಇದು ನನ್ನ ಯುದ್ಧನೀತಿ.

ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಹೋಳಿಗೆಗೆ ಬೇಳೆ ಬೇಯಲು ಇಟ್ಟು, ಸೆರಗು ಸಿಕ್ಕಿಸಿಕೊಂಡು ಹಜಾರಕ್ಕೆ ಬಂದೆ. ಡಬ್ಬ ಇರುವ ಜಾಗದಲ್ಲಿ ಡಬ್ಬ ಇಲ್ಲ! ನೋಡಿದರೆ ಗೊಂಬೆಗಳ ಮುಂದೆ ಮಣೆಯ ಮೇಲೆ ಯಜಮಾನರ ತಕ್ಕಡಿ, ಬಟ್ಟು, ನನ್ನ ಈಳಿಗೆಮಣೆ, ಮಿಕ್ಸಿ, ಅವುಗಳ ನಡುವೆ ಮದುವೆ ಹೆಣ್ಣಿನ ಹಾಗೆ ನನ್ನ ಡಬ್ಬ. ಮೈತುಂಬಾ ಗಂಧ, ಅದರ ಮೇಲೆ ಅರಿಶಿನ, ಅದರ ಮೇಲೆ ಕುಂಕುಮ, ನೆತ್ತಿಯ ಮೇಲೆ ಚೆಂಡುಹೂವು. ರಿಮೋಟಿಗಂತೂ ಒಂದೊಂದು ಗುಂಡಿಗೂ ಒಂದೊಂದು ಬೊಟ್ಟು.

"ಏನ್ ರೀ ಇದು?" ಎಂದೆ.

ಯಜಮಾನರು ಕೈಯಲ್ಲಿ ಊದುಬತ್ತಿ ಹಿಡಿದು ಬಹಳ ಖುಷಿಯಲ್ಲಿದ್ದರು. "ನಂಗೆ ತಕ್ಕಡಿ ಹೇಗೋ ನಿಂಗೆ ಇದು. ಎಷ್ಟ್ ಕಷ್ಟ ಪಡ್ತಿದೀಯ ಪಾಪ. ದೇವರ ಹತ್ರ ಇಟ್ಟು, ನನ್ ಹೆಂಡ್ತಿ ಗೆಲ್ಲಲಿ ಅಂತ ಕೇಳ್ಕೊಂಡಿದೀನಿ."

ಮದುವೆಯಾದಾಗಿನಿಂದ ಈ ಮನುಷ್ಯ ನನಗಾಗಿ ದೇವರಲ್ಲಿ ಬೇಡಿಕೊಂಡದ್ದನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಬೈಯಲು ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು, ಕಣ್ಣು ತುಂಬಿಬಂತು. ಸಂತೋಷಕ್ಕೆ ಅರ್ಧ, ಸಂಕಟಕ್ಕೆ ಅರ್ಧ. ಯಾಕೆಂದರೆ ನಮ್ಮ ಮನೆಯಲ್ಲಿ ಆಯುಧಪೂಜೆಗೆ ಇಟ್ಟದ್ದನ್ನು ಮಾರನೆಯ ದಿನ ಬೆಳಗಿನ ಮಂಗಳಾರತಿ ಆಗುವವರೆಗೂ ಮುಟ್ಟುವ ಹಾಗಿಲ್ಲ. ಅವತ್ತು ಹೂರಣವನ್ನೂ ಒರಳಲ್ಲೇ ರುಬ್ಬಿದೆ. ಅತ್ತೆ ಬರುವುದು ಅವತ್ತೇ ಸಂಜೆ.

ಸಂಜೆ ಆಟೋ ನಿಂತ ಸದ್ದು ಕೇಳಿದಾಗ ನನಗೆ ಒಂದೇ ಒಂದು ಉಪಾಯ ಹೊಳೆಯಿತು. ಕೈಗೆ ಸಿಕ್ಕ ರವಿಕೆ ಕಣವನ್ನು ರಾವಣನ ಮೇಲೆ ಹೊದಿಸಿದೆ. ಆದರೆ ಹತ್ತು ತಲೆಯವನನ್ನು ಒಂದು ರವಿಕೆ ಕಣದಲ್ಲಿ ಮುಚ್ಚುವುದು ಹೇಗೆ? ಎಡಕ್ಕೆ ಎಳೆದರೆ ಬಲಕ್ಕೆ ಎರಡು ತಲೆ ಇಣುಕುತ್ತವೆ, ಬಲಕ್ಕೆ ಎಳೆದರೆ ಎಡಕ್ಕೆ ಮೂರು. ನಾನು ಎಳೆದಾಡುತ್ತಿದ್ದಂತೆಯೇ ಅತ್ತೆ ಒಳಗೆ ಬಂದರು. ಹಿಂದೆ ಶಾರದಾ, ಅವಳ ಹಿಂದೆ ಯಾರೂ ಕರೆಯದ ಕಮಲಮ್ಮ.

"ಇದ್ಯಾರಮ್ಮ, ನಾಚ್ಕೊಂಡು ಮುಸುಕು ಹಾಕ್ಕೊಂಡಿರೋದು?" ಎಂದು ಅತ್ತೆ ಕಣ ಎತ್ತಿದರು. ಶಾರದಾ ಬಾಯಿಗೆ ಸೆರಗು ಅಡ್ಡ ಹಿಡಿದಳು. ನಗು ಮುಚ್ಚಿಕೊಳ್ಳುವುದಕ್ಕೋ ಗಾಬರಿ ಮುಚ್ಚಿಕೊಳ್ಳುವುದಕ್ಕೋ ಗೊತ್ತಾಗಲಿಲ್ಲ.

ಇನ್ನು ಮುಚ್ಚಿಡುವುದು ಏನು ಉಳಿದಿತ್ತು? ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಎಲ್ಲವನ್ನೂ ಹೇಳಿದೆ. ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಯುತ್ತಾ ಒಂದೊಂದು ಆಟದ ಕಥೆ ಹೇಳಿದೆ. ಗರುಡನ ಚೀಲ ನೋಡಿ ಅತ್ತೆ ನಕ್ಕರು. ನಾಗಸ್ವರದವನು ಕೊಲೆಗಾರ ಎಂದಾಗ, ತಮ್ಮ ಮದುವೆಯಲ್ಲೂ ವಾದ್ಯದವನ ಮೇಲೆ ತಮಗೆ ಅನುಮಾನ ಇತ್ತು ಎಂದರು. ತೋಟದ ಆಟದ ಹತ್ತಿರ ಬಂದಾಗ ಮಾತ್ರ ಹುಬ್ಬು ಗಂಟಿಕ್ಕಿತು. ನಮ್ಮ ಅತ್ತೆ ಮದುವೆಯಾಗಿ ಬಂದಾಗ ಈ ಮನೆತನದ್ದು ತರಕಾರಿ ತೋಟ. ಅವರು ಸೊಪ್ಪು ಕೊಯ್ದು, ಮೂಲಂಗಿ ಕಿತ್ತು, ಬುಟ್ಟಿ ಹೊತ್ತವರು.

"ತೋಟ ಮುಗಿಸ್ದೆ ಅಂತೀಯಲ್ಲ, ತೋಟ ಮುಗಿಯತ್ತೇನೇ?" ಎಂದರು.

ಎಲ್ಲ ಬೆಳೆ ಬೆಳೆದಾದ ಮೇಲೆ ಪರದೆಯ ಮೇಲೆ ಹೆಸರುಗಳು ಬರುತ್ತವೆ ಅತ್ತೆ, ಆಗ ಮುಗಿದ ಹಾಗೆ ಎಂದೆ. ಅವರು ನನ್ನನ್ನು ಬಹಳ ಕನಿಕರದಿಂದ ನೋಡಿದರು. ಆಮೇಲೆ ರಾವಣನ ಕಡೆ ತಿರುಗಿ, ನಾಳೆ ಬೆಳಿಗ್ಗೆ ಪೂಜೆ ಎತ್ತಿದ ಮೇಲೆ ನನ್ನ ಕಣ್ಣೆದುರಿಗೆ ಆಡು, ಇವನು ಬಿದ್ದರೆ ರಾಜ-ರಾಣಿ ನಿನ್ನವು ಎಂದರು. ಅವತ್ತು ಅತ್ತೆಯೂ ಶಾರದಾಳೂ ನಮ್ಮ ಮನೆಯಲ್ಲೇ ಉಳಿದರು.

ವಿಜಯದಶಮಿಯ ಬೆಳಿಗ್ಗೆ ಮಂಗಳಾರತಿ ಆಯಿತು. ಕಮಲಮ್ಮನ ಪ್ರಚಾರದ ದೆಸೆಯಿಂದ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಯಲ್ಲೂ ಮುಖಗಳು. ಯಜಮಾನರು ತೆಂಗಿನಕಾಯಿ ಹಿಡಿದು ಬಾಗಿಲಲ್ಲಿ ನಿಂತರು, ರಾಕ್ಷಸ ಬಿದ್ದ ತಕ್ಷಣ ಒಡೆಯಲು. ನಾನು ಟ್ರಂಕಿನಿಂದ ರಾಮನನ್ನು ತೆಗೆದು ಪಕ್ಕದಲ್ಲಿಟ್ಟುಕೊಂಡೆ. ರಿಮೋಟನ್ನು ಸೆರಗಿನಿಂದ ಒರೆಸಿ ಕಣ್ಣಿಗೆ ಒತ್ತಿಕೊಂಡೆ. ರಾಣಿಯನ್ನು ಒಮ್ಮೆ ನೋಡಿದೆ. ಆಟ ಶುರು ಮಾಡಿದೆ.

ಕೋಟೆಯ ಬಾಗಿಲು ತೆರೆಯಿತು. ಹತ್ತು ತಲೆಯ ರಾಕ್ಷಸ ಗರ್ಜಿಸಿದ. ನನ್ನ ಹುಡುಗ ವೀರನಂತೆ ಮುಂದೆ ನಡೆದು, ಅವನೆದುರು ನಿಂತು, ಕತ್ತಿಯನ್ನು ಒರೆಗೆ ಸೇರಿಸಿ, ಸೊಂಟ ಬಗ್ಗಿಸಿ ಕೈಮುಗಿದ.

ನಾನು ಹೊಡೆಯುವ ಗುಂಡಿ ಒತ್ತಿದೆ. ಹುಡುಗ ಮತ್ತೆ ಕೈಮುಗಿದ. ಜೋರಾಗಿ ಒತ್ತಿದೆ. ಇನ್ನೂ ಭಕ್ತಿಯಿಂದ ಕೈಮುಗಿದ. ಹಿರಿಯರಿಗೆ ನಮಸ್ಕರಿಸುವ ಆ ಗುಂಡಿ ಗಂಧ, ಅರಿಶಿನ, ಕುಂಕುಮ ಮೂರೂ ಸೇರಿ ಒಣಗಿ ಒಳಗೇ ಕಚ್ಚಿಕೊಂಡಿತ್ತು! ಉಗುರಿನಿಂದ ಕೆರೆದೆ, ರಿಮೋಟನ್ನು ತೊಡೆಗೆ ಕುಟ್ಟಿದೆ, ಬಾಯಿಂದ ಊದಿದೆ. ಕುಂಕುಮ ನನ್ನ ಕಣ್ಣಿಗೇ ಹಾರಿತು. ಒಂದು ಕಣ್ಣು ಮುಚ್ಚಿಕೊಂಡು ನೋಡುತ್ತೇನೆ, ರಾಕ್ಷಸ ಗದೆ ಎತ್ತಿ ಹೊಡೆಯುತ್ತಿದ್ದಾನೆ, ಹೊಡೆದಾಗಲೆಲ್ಲ ನನ್ನ ಹುಡುಗ ಎದ್ದು ನಮಸ್ಕಾರ ಮಾಡುತ್ತಿದ್ದಾನೆ. ಇಡೀ ರಸ್ತೆಯ ಸಮಕ್ಷಮದಲ್ಲಿ, ವಿಜಯದಶಮಿಯ ಶುಭದಿನ, ನಮ್ಮ ಮನೆಯಲ್ಲಿ ರಾವಣನಿಗೆ ಅಧಿಕೃತವಾಗಿ ನಮಸ್ಕಾರ ಸೇವೆ ನೆರವೇರಿತು.

"ಕಮಲಮ್ಮ ಹೇಳಿದ್ದು ಸುಳ್ಳಲ್ಲ ಅಕ್ಕ," ಎಂದಳು ಶಾರದಾ.

ಹುಡುಗ ಸತ್ತ. ಹತ್ತು ತಲೆಗಳೂ ಒಟ್ಟಿಗೆ ನಕ್ಕವು. ಅದಕ್ಕಿಂತ ಜೋರಾಗಿ ನಗುತ್ತಿದ್ದವರು ನಮ್ಮ ಅತ್ತೆ. ಕುರ್ಚಿಯ ಕೈ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು. ಯಜಮಾನರು ತೆಂಗಿನಕಾಯಿಯನ್ನು ಮೆಲ್ಲಗೆ ಅಡುಗೆಮನೆಗೆ ತೆಗೆದುಕೊಂಡು ಹೋದರು. ಮಧ್ಯಾಹ್ನ ಅದನ್ನೇ ಚಟ್ನಿ ಮಾಡಿದೆ.

ನಗು ನಿಂತ ಮೇಲೆ ಅತ್ತೆ ಕಣ್ಣೊರೆಸಿಕೊಂಡು ತೀರ್ಪು ಹೇಳಿದರು. "ರಾಜ-ರಾಣಿ ಶಾರದಾ ಜೊತೆ ಹೋಗ್ಲಿ. ರಾಮ ಇಲ್ದಿರೋ ಮನೇಲಿ ರಾವಣನ ಜೊತೆ ಅವರನ್ನ ಹೇಗಮ್ಮ ಬಿಡ್ಲಿ? ರಾತ್ರಿ ಹೆದ್ರುಕೊಳ್ತಾರೆ."

ನಾನು ರಾಮನನ್ನು ಮತ್ತೆ ಪಂಚೆಯಲ್ಲಿ ಸುತ್ತಿದೆ. ಅಳು ಬಂದದ್ದು ಕುಂಕುಮ ಬಿದ್ದ ಕಣ್ಣಿನಿಂದ ಮಾತ್ರ ಎಂದು ಎಲ್ಲರಿಗೂ ಹೇಳಿದೆ. ಸಂಜೆ ಆರತಿ ಎತ್ತಿ, ಹಬ್ಬ ಮುಗಿದ ಗುರುತಿಗೆ ರಾಜನನ್ನು ಮಲಗಿಸುವಾಗ ರಾಣಿಯ ಮುಖ ನೋಡಿದೆ. ಅದೇ ನಗು. ಅವಳಿಗೆ ಮೊದಲೇ ಗೊತ್ತಿತ್ತು.

ಮಾರನೆಯ ದಿನ ಶಾರದಾ ಜೋಡಿಯನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಆಟೋ ಹತ್ತಿದಳು. ಹತ್ತಿ ಪಕ್ಕಕ್ಕೆ ಸರಿದು, ಬನ್ನಿ ಅತ್ತೆ ಎಂದಳು. ಅತ್ತೆ ಹೊಸ್ತಿಲ ಮೇಲೆ ನಿಂತವರು ಅಲ್ಲಾಡಲಿಲ್ಲ.

"ನನ್ ಸೀರೆ ಕಳ್ಸಿಕೊಡು ಶಾರದಾ. ನಾನು ಸ್ವಲ್ಪ ದಿನ ಇಲ್ಲೇ ಇರ್ತೀನಿ. ಇವಳು ತೋಟಾನ ಅರ್ಧಕ್ಕೇ ಬಿಟ್ಟಿದ್ದಾಳೆ."

ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ. ಮಗಳು ಬಂದು ರಿಮೋಟಿನ ಗುಂಡಿಗಳನ್ನು ಬಿಚ್ಚಿ ತೊಳೆದುಕೊಟ್ಟಳು. ತೊಳೆದದ್ದು ನನ್ನ ಕೈಗೆ ಬರಲೇ ಇಲ್ಲ. ಬೆಳಿಗ್ಗೆ ಕಾಫಿ ಆದ ಮೇಲೆ ಅತ್ತೆ ಕೂತರೆಂದರೆ ಊಟಕ್ಕೇ ಏಳುವುದು. ನಾನು ಸಾಲಾಗಿ ನೆಟ್ಟಿದ್ದನ್ನೆಲ್ಲ ಕಿತ್ತುಹಾಕಿ, ಇಷ್ಟು ಒತ್ತಾಗಿ ಯಾವ ಬುದ್ಧಿವಂತೆ ನೆಡುತ್ತಾಳೆ ಎಂದು ಬೈದುಕೊಂಡೇ ಹೊಸದಾಗಿ ಬಿತ್ತಿದ್ದಾರೆ. ಫ್ಯಾನು ನೋಡುತ್ತಿದ್ದ ಯಜಮಾನರೂ ಈಗ ತಾಯಿಯ ಪಕ್ಕದಲ್ಲಿ ಕೂತು ಮೂಲಂಗಿಯ ದರದ ಬಗ್ಗೆ ಆಟದ ಅಂಗಡಿಯವನನ್ನು ಬೈಯುತ್ತಾರೆ. ಹತ್ತು ತಲೆಯ ರಾಕ್ಷಸ ಕೋಟೆಯ ಬಾಗಿಲಲ್ಲಿ ಹತ್ತು ತಲೆಯೊಂದಿಗೆ ಸುಖವಾಗಿದ್ದಾನೆ. ಒಂದರ್ಧ ಗಂಟೆ ಕೊಡಿ ಅತ್ತೆ, ಅವನನ್ನು ಮುಗಿಸಿಬಿಡುತ್ತೇನೆ ಎಂದು ಕೇಳಿದರೆ, ನೀರು ಕಟ್ಟುವ ಹೊತ್ತಲ್ಲಿ ಬಂದು ತೊಂದರೆ ಕೊಡಬೇಡ ಎನ್ನುತ್ತಾರೆ. ಹಾಗಾಗಿ ಈ ವರ್ಷ ನಾನು ಮುಗಿಸಿದ ಆಟಗಳು: ಒಂದೂ ಇಲ್ಲ.

ಆ ತೋಟದಲ್ಲಿ ದೊಡ್ಡ ಬೆಳೆ ಬಂದಾಗ ಒಬ್ಬ ಆಳನ್ನು ಇಟ್ಟುಕೊಳ್ಳಬಹುದು. ಹೋದ ವಾರ ಅತ್ತೆ ಒಬ್ಬಳನ್ನು ಇಟ್ಟುಕೊಂಡರು, ಅವಳಿಗೆ ಹೆಸರು ಹಾಕಬೇಕು ಬಾ ಎಂದು ನನ್ನನ್ನು ಕರೆದರು. ಅವರು ಹೇಳಿದರು, ನಾನೇ ಒಂದೊಂದಾಗಿ ಅಕ್ಷರ ಒತ್ತಿದೆ: ರತ್ನಾ. ಈಗ ಪರದೆಯ ಮೇಲೆ ಆ ರತ್ನಾ ಬುಟ್ಟಿ ಹೊತ್ತು ಅತ್ತೆ ಹೇಳಿದ ಕಡೆಗೆಲ್ಲ ಓಡುತ್ತಾಳೆ. ಅತ್ತೆ ಅವಳನ್ನು ತೋರಿಸಿ ಕಮಲಮ್ಮನಿಗೆ ಹೇಳುತ್ತಿದ್ದರು, ಇವಳಿಗೆ ಒಂದು ಸಲ ಹೇಳಿದರೆ ಸಾಕು, ಅರ್ಥವಾಗುತ್ತದೆ.

ನಾನು ಇಬ್ಬರಿಗೂ ಕಾಫಿ ಕೊಟ್ಟು ಒಳಗೆ ಬಂದೆ.